ಕಡಿಮೆ ದರ ಹೇಳಿದ ಗುತ್ತಿಗೆದಾರರಿಗೆ ಮನೆಯ ಕೆಲಸ ಒಪ್ಪಿಸಬಹುದೇ?

ಪ್ರಶ್ನೆ: ನಮ್ಮದು ಮೂವತ್ತು ವರ್ಷ ಹಳೆಯದಾದ, ಒಂದೇ ಅಂತಸ್ತಿನ ಮನೆ. ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆಯನ್ನು ತೆಗೆದು, ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಬೇಕೆಂದಿದ್ದೇವೆ. ಮೂವರಿಂದ ಕೊಟೇಷನ್ ಪಡೆದಿದ್ದೇವೆ. ಮೊದಲನೆಯವರು ನಮ್ಮ ಭಾವನವರಿಗೆ ಪರಿಚಿತರು. ಅವರ ದರವೇ ಎಲ್ಲಕ್ಕಿಂತ ಕಡಿಮೆ. ಆದರೆ ಶೇ 30ರಷ್ಟು ಮುಂಗಡ ಕೇಳುತ್ತಾರೆ, "ನಮ್ಮ ನಮ್ಮಲ್ಲಿ ಕರಾರುಪತ್ರ ಯಾಕೆ" ಎನ್ನುತ್ತಾರೆ. ಎರಡನೆಯದು ಒಂದು ಕಂಪನಿ. ಚದರ ಅಡಿ ಲೆಕ್ಕದ ಪ್ಯಾಕೇಜ್ ಕೊಟ್ಟಿದೆ, ಕಂಪ್ಯೂಟರ್ ಚಿತ್ರಗಳನ್ನೂ ತೋರಿಸಿದೆ. ದರ ಮೊದಲನೆಯವರಿಗಿಂತ ಶೇ 25ರಷ್ಟು ಹೆಚ್ಚು. ಮೂರನೆಯವರು ಶೇ 40ರಷ್ಟು ಹೆಚ್ಚು ಹೇಳಿದ್ದಲ್ಲದೆ, ಸ್ಟ್ರಕ್ಚರಲ್ ಇಂಜಿನಿಯರ್ (ಕಟ್ಟಡ ಎಷ್ಟು ಭಾರ ಹೊರಬಲ್ಲುದೆಂದು ಲೆಕ್ಕ ಹಾಕುವವರು) ಮನೆಯನ್ನು ಪರೀಕ್ಷಿಸುವವರೆಗೆ ಇದು ಅಂದಾಜು ಮಾತ್ರ ಎಂದಿದ್ದಾರೆ. ಮುಂಗಡ ಹೆಚ್ಚು ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಸಾಮಗ್ರಿ ನಾವೇ ಕೊಂಡರೆ ಹಣ ಉಳಿಯುತ್ತದೆ ಎಂದು ಬಂಧುಗಳು ಹೇಳುತ್ತಿದ್ದಾರೆ. ಇದು ನಿಜವೇ? ಈ ಮೂವರಲ್ಲಿ ಯಾರನ್ನು ಆರಿಸಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಒಂದು, ಕಡಿಮೆ ದರಕ್ಕೆ ಒಪ್ಪಿ ಮೋಸ ಹೋಗುತ್ತೇವೇನೋ ಎಂಬುದು. ಇನ್ನೊಂದು, ಹೆಚ್ಚು ದರ ಕೊಟ್ಟು ಪೆದ್ದರಾಗುತ್ತೇವೇನೋ ಎಂಬುದು. ಎರಡಕ್ಕೂ ಕಾರಣ ಒಂದೇ. ಈಗ ನಿಮ್ಮ ಕೈಯಲ್ಲಿರುವ ಮೂರು ಕೊಟೇಷನ್‌ಗಳು ಒಂದೇ ಕೆಲಸಕ್ಕೆ ಕೊಟ್ಟ ಮೂರು ದರಗಳಲ್ಲ, ಮೂವರು ತಮ್ಮ ತಮ್ಮ ಮನಸ್ಸಿನಲ್ಲಿ ಕಲ್ಪಿಸಿಕೊಂಡ ಮೂರು ಬೇರೆ ಬೇರೆ ಮನೆಗಳ ದರಗಳು. ನಕ್ಷೆ, ಕಂಬಿಯ ವಿವರ, ಸಾಮಗ್ರಿಯ ದರ್ಜೆ, ಕೆಲಸದ ಪ್ರಮಾಣದ ಪಟ್ಟಿ ಇವೇನೂ ಇಲ್ಲದೆ ದರ ಕೇಳಿದಾಗ ಶೇ 40ರಷ್ಟು ಅಂತರ ಬರುವುದು ನನ್ನ ವೃತ್ತಿಯಲ್ಲಿ ಆಶ್ಚರ್ಯದ ಸಂಗತಿಯೇ ಅಲ್ಲ. ಹಾಗಾಗಿ ಈ ಹಂತದಲ್ಲಿ ಯಾರನ್ನು ಆರಿಸಿದರೂ ಅದು ಊಹೆಯ ಮೇಲಿನ ಆಯ್ಕೆಯೇ ಆಗುತ್ತದೆ.

ಅದಕ್ಕಿಂತ ಮೊದಲು, ನೀವು ಕೇಳದೆ ಬಿಟ್ಟಿರುವ ಪ್ರಶ್ನೆಯೊಂದಿದೆ: ಆ ಹಳೆಯ ಮನೆ ಇನ್ನೊಂದು ಅಂತಸ್ತನ್ನು ಹೊರಬಲ್ಲುದೇ? ಸ್ವಲ್ಪ ಲೆಕ್ಕ ಹಾಕಿ ನೋಡೋಣ. 12 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಛಾವಣಿಯ ಸ್ವಂತ ತೂಕವೇ ಪ್ರತಿ ಚದರ ಮೀಟರಿಗೆ ಸುಮಾರು 300 ಕಿಲೋ. ಇಪ್ಪತ್ಮೂರು ಸೆಂಟಿಮೀಟರ್ ದಪ್ಪ ಮತ್ತು ಮೂರು ಮೀಟರ್ ಎತ್ತರದ ಇಟ್ಟಿಗೆ ಗೋಡೆ, ಪ್ರತಿ ಒಂದು ಮೀಟರ್ ಉದ್ದಕ್ಕೆ ಸುಮಾರು 1,300 ಕಿಲೋ ಭಾರ ಹೇರುತ್ತದೆ. ಗಾರೆ, ನೆಲಹಾಸು, ನೀರಿನ ತೊಟ್ಟಿ, ಪೀಠೋಪಕರಣ, ಜನ ಎಲ್ಲವೂ ಇದರ ಮೇಲೆ. ಈ ಭಾರವೆಲ್ಲ ಮೂವತ್ತು ವರ್ಷಗಳ ಹಿಂದೆ, ಬಹುಶಃ ಒಂದೇ ಅಂತಸ್ತನ್ನು ಲೆಕ್ಕದಲ್ಲಿಟ್ಟು ಹಾಕಿದ ಪಾಯಕ್ಕೆ ಇಳಿಯುತ್ತದೆ. ಅದರ ಜೊತೆಗೆ ನೀವು ಕೆಳಗಿನ ಒಂದು ಗೋಡೆಯನ್ನೂ ತೆಗೆಯಲು ಹೊರಟಿದ್ದೀರಿ. ಕಾಲಂ ಮತ್ತು ಬೀಮುಗಳ ಮೇಲೆ ನಿಂತ ಮನೆಯಾಗಿದ್ದರೆ ಆ ಗೋಡೆ ಬರಿಯ ಮರೆಯಾಗಿರಬಹುದು. ಗೋಡೆಗಳೇ ಛಾವಣಿಯನ್ನು ಹೊತ್ತ ಮನೆಯಾಗಿದ್ದರೆ ನೀವು ತೆಗೆಯುತ್ತಿರುವುದು ಒಂದು ಆಧಾರವನ್ನೇ. ಗೋಡೆಯನ್ನು ಬಡಿದು ಶಬ್ದ ಕೇಳಿ ಅಥವಾ ದಪ್ಪವನ್ನು ಅಳೆದು ಇದನ್ನು ಹೇಳಲಾಗದು. ಛಾವಣಿಯ ಕಂಬಿ ಯಾವ ದಿಕ್ಕಿಗೆ ಓಡಿದೆ, ಬೀಮು ಎಲ್ಲಿ ಕುಳಿತಿದೆ ಎಂಬುದು ಗೊತ್ತಾಗಬೇಕು.

ಇದನ್ನು ಪತ್ತೆ ಮಾಡುವ ವಿಧಾನಗಳು ಸರಳವಾಗಿವೆ, ಒಟ್ಟು ವೆಚ್ಚಕ್ಕೆ ಹೋಲಿಸಿದರೆ ಅಗ್ಗವೂ ಹೌದು. ಒಂದೆರಡು ಕಡೆ ಗುಂಡಿ ತೋಡಿ ಪಾಯದ ಅಗಲ, ಆಳ ಮತ್ತು ಅಡಿಯ ಮಣ್ಣನ್ನು ನೋಡಬೇಕು. ಕಂಬಿಯ ಸ್ಥಾನವನ್ನು ಹುಡುಕುವ ಸ್ಕ್ಯಾನರ್‌ನಿಂದ ಬೀಮು ಮತ್ತು ಛಾವಣಿಯ ಕಂಬಿಗಳನ್ನು ಗುರುತಿಸಬೇಕು. ಅನುಮಾನವಿದ್ದಲ್ಲಿ ಕಾಂಕ್ರೀಟಿನ ಚಿಕ್ಕ ತುಂಡನ್ನು ಕೊರೆದು ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಸುತ್ತಿಗೆಯಂಥ ಉಪಕರಣ ಒತ್ತಿ ನೋಡುವ ಪರೀಕ್ಷೆಯೊಂದನ್ನೇ ಮಾಡಿ ವರದಿ ಕೊಡುವವರಿದ್ದಾರೆ. ಅದು ಮೇಲ್ಮೈಯ ಗಡಸುತನವನ್ನಷ್ಟೇ ಹೇಳುವುದರಿಂದ ಅದನ್ನು ಏಕೈಕ ಆಧಾರವಾಗಿ ನೆಚ್ಚಿಕೊಳ್ಳಬೇಡಿ. ಇದನ್ನೆಲ್ಲ ಪರೀಕ್ಷಿಸುವ ಸ್ಟ್ರಕ್ಚರಲ್ ಇಂಜಿನಿಯರನ್ನು ನೀವೇ ನೇಮಿಸಿ, ಶುಲ್ಕವನ್ನು ನೀವೇ ಕೊಡಿ. ಗುತ್ತಿಗೆದಾರರು ಕರೆತಂದವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಮುಂದೆ ಅದೇ ಗುತ್ತಿಗೆದಾರರ ಕೆಲಸ ಮತ್ತು ಬಿಲ್ಲನ್ನು ತಿರಸ್ಕರಿಸಬೇಕಾದ ಸಂದರ್ಭ ಬಂದಾಗ ಇಕ್ಕಟ್ಟಿಗೆ ಸಿಲುಕುತ್ತಾರೆ.

ಈ ದೃಷ್ಟಿಯಿಂದ ನೋಡಿದರೆ ಮೂರನೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ಗೋಡೆ ತೆಗೆಯಬೇಕೆಂದಾಗ ಉಳಿದಿಬ್ಬರೂ ತುಟಿ ಬಿಚ್ಚದೆ ದರ ಬರೆದುಕೊಟ್ಟಿದ್ದರೆ ಅದು ನನಗೆ ದರದ ಅಂತರಕ್ಕಿಂತ ಹೆಚ್ಚು ಚಿಂತೆಯ ವಿಷಯ. ಆದರೂ ಹೆಚ್ಚು ದರವೇ ಗುಣಮಟ್ಟಕ್ಕೆ ಸಾಕ್ಷಿಯೆಂದು ತಿಳಿಯಬೇಡಿ. ಕೈತುಂಬ ಕೆಲಸವಿರುವವರು "ಸಿಕ್ಕರೆ ಸಿಗಲಿ" ಎಂದು ಏರಿಸಿ ಹೇಳುವುದೂ ಉಂಟು, ನಿಮ್ಮ ಹಳೆಯ ಮನೆಯೊಳಗೆ ಏನಿದೆಯೋ ಗೊತ್ತಿಲ್ಲವೆಂದು ಅಪಾಯದ ಬಾಬ್ತನ್ನು ದರದಲ್ಲೇ ಸೇರಿಸುವುದೂ ಉಂಟು. ಎರಡನೆಯ ಕಾರಣವಾಗಿದ್ದರೆ ಪರಿಶೀಲನೆಯ ವರದಿ ಕೈಗೆ ಬಂದ ಮೇಲೆ ಅವರ ದರ ಇಳಿಯಲೂಬಹುದು.

ಇನ್ನು ಮೊದಲನೆಯವರ ಕಡಿಮೆ ದರದ ವಿಚಾರ. ಕಡಿಮೆ ದರ ಹೇಳುವವರೆಲ್ಲ ಮೋಸಗಾರರು ಎಂಬುದು ತಪ್ಪು ಕಲ್ಪನೆ. ಕಚೇರಿ ಮತ್ತು ಜಾಹೀರಾತಿನ ಖರ್ಚಿಲ್ಲದ, ಸ್ವತಃ ಮೇಸ್ತ್ರಿಯಾಗಿ ಸೈಟಿನಲ್ಲಿ ನಿಲ್ಲುವ, ಸ್ವಂತ ಸೆಂಟ್ರಿಂಗ್ ಸಾಮಾನು (ಕಾಂಕ್ರೀಟ್ ಸುರಿಯಲು ಕಟ್ಟುವ ಅಚ್ಚಿನ ಹಲಗೆ, ಆಸರೆ ಕಂಬ) ಇರುವ ವ್ಯಕ್ತಿ ನ್ಯಾಯವಾಗಿಯೇ ಕಡಿಮೆಗೆ ಮಾಡಿಕೊಡಬಲ್ಲರು. ಆದರೆ ಕಡಿಮೆ ದರಕ್ಕೆ ಬೇರೆ ಮೂಲಗಳೂ ಇವೆ. ಒಂದಷ್ಟು ಬಾಬ್ತುಗಳನ್ನು ಹೇಳದೆ ಬಿಟ್ಟು, ಕೆಲಸ ಅರ್ಧಕ್ಕೆ ಬಂದಾಗ "ಅದು ಎಕ್ಸ್ಟ್ರಾ" ಎನ್ನುವುದು ಒಂದು. ಒಳಗೆ ಮುಚ್ಚಿಹೋಗುವ ಕೆಲಸದಲ್ಲಿ ಉಳಿಸಿಕೊಳ್ಳುವುದು ಇನ್ನೊಂದು. ಮೂರನೆಯದು ಸಾಮಾನ್ಯರ ಕಣ್ಣಿಗೆ ಬೀಳದ್ದು: ಹೇಗಾದರೂ ಈ ಕೆಲಸ ಹಿಡಿದು ಮುಂಗಡ ಪಡೆಯಲೇಬೇಕಾದ ಹಣದ ತುರ್ತು.

ಇಲ್ಲೇ ಮುಂಗಡದ ಪ್ರಶ್ನೆಯೂ ಬರುತ್ತದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ನೋಡಿರುವ ಅರ್ಧಕ್ಕೆ ನಿಂತ ಮನೆಗಳಲ್ಲಿ ಹೆಚ್ಚಿನವು ನಿಂತದ್ದು ಗುತ್ತಿಗೆದಾರರ ಕೆಟ್ಟತನದಿಂದಲ್ಲ, ಅವರ ಕೈಯಲ್ಲಿ ಹಣದ ಹರಿವು ಬತ್ತಿದ್ದರಿಂದ. ಚಿಕ್ಕ ಗುತ್ತಿಗೆದಾರರ ಬಳಿ ಸ್ವಂತ ಬಂಡವಾಳ ಕಡಿಮೆ ಇರುತ್ತದೆ. ಏಕಕಾಲಕ್ಕೆ ನಾಲ್ಕಾರು ಕಡೆ ಕೆಲಸ ಹಿಡಿದಿರುತ್ತಾರೆ. ನಿಮ್ಮಿಂದ ಬಂದ ಮುಂಗಡ ಹಿಂದಿನ ಮನೆಯ ಬಾಕಿ ಕೂಲಿಗೆ, ಕಬ್ಬಿಣದ ಅಂಗಡಿಯ ಹಳೆಯ ಸಾಲಕ್ಕೆ ಹೋಗುತ್ತದೆ. ನಿಮ್ಮ ಮನೆಯ ಕೆಲಸ ನಡೆಯಲು ಮುಂದಿನ ಮನೆಯ ಮುಂಗಡ ಬರಬೇಕು. ಈ ಸರಪಳಿಯಲ್ಲಿ ಎಲ್ಲೋ ಒಂದು ಕಡೆ ಹಣ ತಡವಾಯಿತೆಂದರೆ ಕೊನೆಯಲ್ಲಿರುವ ಮನೆ ನಿಲ್ಲುತ್ತದೆ. ಒಟ್ಟು ಮೊತ್ತವನ್ನು ನೂರು ಎಂದಿಟ್ಟುಕೊಳ್ಳಿ. ಮೊದಲ ದಿನವೇ ಮೂವತ್ತು ಕೊಟ್ಟಿದ್ದೀರಿ. ಮೊದಲ ಹಂತ ಮುಗಿದಾಗ ಆಗಿರುವ ಕೆಲಸ ಹದಿನೈದರಷ್ಟು, ಅಷ್ಟರಲ್ಲಿ ಇನ್ನೂ ಹತ್ತು ಕೊಟ್ಟಿರುತ್ತೀರಿ. ಈಗ ನಿಮ್ಮ ಇಪ್ಪತ್ತೈದು ಭಾಗ ಅವರ ಬಳಿ ಸಾಲವಾಗಿ ಕುಳಿತಿದೆ. ಕೆಲಸ ಸರಿಯಿಲ್ಲವೆಂದು ಗೊತ್ತಾದರೂ ಅವರನ್ನು ಬಿಡಿಸಿ ಬೇರೆಯವರನ್ನು ಕರೆಯುವ ಸ್ವಾತಂತ್ರ್ಯ ನಿಮಗೆ ಉಳಿದಿಲ್ಲ. ಮುಂಗಡ ಹೆಚ್ಚಾದಷ್ಟೂ ಕೆಲಸ ಬೇಗವಾಗುತ್ತದೆ ಎಂಬ ನಂಬಿಕೆ ಇಲ್ಲಿ ತಿರುಗುಬಾಣವಾಗುತ್ತದೆ. ಕೆಲಸಕ್ಕೆ ವೇಗ ಕೊಡುವುದು ಮುಂದೆ ಬರಬೇಕಾದ ಹಣ, ಈಗಾಗಲೇ ಕೈಸೇರಿದ ಹಣವಲ್ಲ.

ನನ್ನ ಸಲಹೆಯೆಂದರೆ ಮುಂಗಡ ಶೇ 5ರಿಂದ 10ರೊಳಗಿರಲಿ, ಅದೂ ಸೈಟಿಗೆ ಬಂದಿಳಿದ ಸಾಮಗ್ರಿಗೆ ಅಥವಾ ನಿಲ್ಲಿಸಿದ ಸಾರುವೆಗೆ ಸರಿಹೊಂದುವಂತಿರಲಿ. ಉಳಿದ ಹಣವನ್ನು ನಾಲ್ಕು ದೊಡ್ಡ ಕಂತುಗಳ ಬದಲು ಹತ್ತು ಹನ್ನೆರಡು ಸಣ್ಣ ಕಂತುಗಳಾಗಿ ಮಾಡಿ, ಪ್ರತಿ ಕಂತನ್ನೂ ಕಣ್ಣಿಗೆ ಕಾಣುವ, ಅಳೆಯಬಹುದಾದ ಒಂದು ಹಂತಕ್ಕೆ ಕಟ್ಟಿ. ಉದಾಹರಣೆಗೆ "ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ಅಡ್ಡತೊಲೆ) ಮಟ್ಟದವರೆಗೆ ಗೋಡೆ" ಎಂಬುದು ಅಳೆಯಬಹುದಾದ ಹಂತ, "ಅರ್ಧ ಕೆಲಸ ಮುಗಿದಾಗ" ಎಂಬುದು ಜಗಳದ ಬೀಜ. ಪ್ರತಿ ಬಿಲ್ಲಿನಲ್ಲಿ ಶೇ 5ರಿಂದ 10ರಷ್ಟನ್ನು ತಡೆಹಿಡಿದು, ಅದರ ಅರ್ಧವನ್ನು ಕೆಲಸ ಮುಗಿದಾಗ, ಉಳಿದರ್ಧವನ್ನು ಒಂದು ವರ್ಷ ಕಳೆದು ಮಳೆ, ಬಿಸಿಲು ಎರಡನ್ನೂ ಮನೆ ಕಂಡ ಮೇಲೆ ಕೊಡುವ ಪದ್ಧತಿಯಿದೆ. ಇದನ್ನು ಮೊದಲೇ ಬರೆದಿಟ್ಟರೆ ಬಹುತೇಕ ವೃತ್ತಿಪರರು ಆಕ್ಷೇಪಿಸುವುದಿಲ್ಲ. ಇದೆಲ್ಲ ಒಂದು ಪಕ್ಷದ ನ್ಯಾಯವಾಗಬಾರದು. ಹಂತ ಮುಗಿದ ಮೇಲೂ ಎರಡು ಮೂರು ವಾರ ಸತಾಯಿಸಿ ಹಣ ಕೊಡುವ ಮಾಲೀಕರೇ ಕೂಲಿಯವರು ಬೇರೆ ಕೆಲಸಕ್ಕೆ ಹೊರಟುಹೋಗಲು ಕಾರಣರಾಗುತ್ತಾರೆ. ಒಮ್ಮೆ ಚದುರಿದ ತಂಡ ಮತ್ತೆ ಹಾಗೆಯೇ ಕೂಡಿಬರುವುದು ಅಪರೂಪ.

ಸಾಮಗ್ರಿಯನ್ನು ನಾವೇ ಕೊಂಡು ಕೂಲಿಯನ್ನಷ್ಟೇ ಗುತ್ತಿಗೆ ಕೊಟ್ಟರೆ ಉಳಿತಾಯವೆಂಬ ಮಾತು ಅರ್ಧ ಸತ್ಯ. ಗುತ್ತಿಗೆದಾರರು ಸಾಮಗ್ರಿಯ ಮೇಲೆ ಇಟ್ಟುಕೊಳ್ಳುವ ಲಾಭ ನಿಮಗೆ ಉಳಿಯುತ್ತದೆ, ನಿಜ. ಆದರೆ ಅವರ ಜೇಬಿನ ಸಿಮೆಂಟ್ ಅಲ್ಲವಾದ್ದರಿಂದ ಪೋಲಾಗುವುದು ಯಾರಿಗೂ ನೋಯುವುದಿಲ್ಲ. ಮರಳು ಒಂದು ದಿನ ತಡವಾಗಿ ಬಂದರೆ ಕೂತ ಕೂಲಿಯವರ ದಿನದ ಲೆಕ್ಕ ನಿಮ್ಮ ತಲೆಯ ಮೇಲೆ. ಇದಕ್ಕಿಂತ ದೊಡ್ಡ ತೊಡಕೆಂದರೆ ಹೊಣೆ ಇಬ್ಭಾಗವಾಗುವುದು. ಛಾವಣಿ ಸೋರಿದಾಗ ಅವರು ನಿಮ್ಮ ಸಿಮೆಂಟನ್ನು ದೂರುತ್ತಾರೆ, ನೀವು ಅವರ ಕೈಕೆಲಸವನ್ನು. ದಿನವೂ ಸೈಟಿನಲ್ಲಿರಲು ಪುರುಸೊತ್ತು ಮತ್ತು ತಿಳಿವಳಿಕೆ ಇರುವವರು ಮನೆಯಲ್ಲಿದ್ದರೆ ಈ ದಾರಿ ಹಿಡಿಯಬಹುದು. ಇಲ್ಲವಾದರೆ ಮಧ್ಯದ ದಾರಿಯೇ ಮೇಲು: ಸಿಮೆಂಟ್, ಕಂಬಿ, ಜಲ್ಲಿ, ಮರಳು, ಇಟ್ಟಿಗೆ ಇವುಗಳ ಪೂರ್ಣ ಹೊಣೆ ಗುತ್ತಿಗೆದಾರರದ್ದಾಗಿರಲಿ. ರುಚಿಗೆ ತಕ್ಕಂತೆ ದರ ಏರಿಳಿಯುವ ಟೈಲ್ಸ್, ನಲ್ಲಿ, ದೀಪ, ಬಾಗಿಲಿನ ಹಿಡಿಕೆಗಳನ್ನು ನೀವೇ ಆರಿಸಿ ಕೊಂಡುಕೊಡಿ.

ಕಂಪನಿಯ ಪ್ಯಾಕೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರಗಳು ಮನೆ ಕಟ್ಟುವುದಿಲ್ಲ. ಯಾವ ಮೇಸ್ತ್ರಿ, ಯಾವ ಸೈಟ್ ಇಂಜಿನಿಯರ್ ನಿಮ್ಮ ಮನೆಗೆ ಬರುತ್ತಾರೆ, ವಾರದಲ್ಲಿ ಎಷ್ಟು ದಿನ ಇರುತ್ತಾರೆ, ಕೆಲಸವನ್ನು ಒಳಗುತ್ತಿಗೆ ಕೊಡುತ್ತಾರೆಯೇ ಎಂಬುದನ್ನು ಹೆಸರು ಸಮೇತ ಕೇಳಿ. ಚದರ ಅಡಿಯ ಲೆಕ್ಕದಲ್ಲಿ ಬಾಲ್ಕನಿ, ಮೆಟ್ಟಿಲು, ಹೊರಚಾಚು, ಗೋಡೆಯ ದಪ್ಪ ಇವನ್ನು ಪೂರ್ತಿ ಸೇರಿಸುತ್ತಾರೋ ಅರ್ಧವೋ ಎಂಬುದರಿಂದಲೇ ಅದೇ ದರಕ್ಕೆ ಒಟ್ಟು ಮೊತ್ತ ಗಣನೀಯವಾಗಿ ಬದಲಾಗುತ್ತದೆ. ಸಾಮಗ್ರಿಯ ಪಟ್ಟಿಯಲ್ಲಿ "ಅಥವಾ ಸಮಾನ ದರ್ಜೆಯದು" ಎಂಬ ಸಾಲಿದ್ದರೆ, ಸಮಾನವೆಂದು ನಿರ್ಧರಿಸುವವರು ನಿಮ್ಮ ಇಂಜಿನಿಯರ್ ಎಂದು ಪಕ್ಕದಲ್ಲೇ ಬರೆಸಿ.

ಹಾಗಿದ್ದರೆ ಯಾವ ಬಗೆಯ ಗುತ್ತಿಗೆ ನಿಮಗೆ ಹೊಂದುತ್ತದೆ? ನಿಮ್ಮ ಕೆಲಸದಲ್ಲಿ ಎರಡು ಸ್ವಭಾವದ ಭಾಗಗಳಿವೆ. ಮೇಲಿನ ಹೊಸ ಅಂತಸ್ತಿಗೆ ನಕ್ಷೆ ಸಿದ್ಧವಾದರೆ ಒಟ್ಟು ಮೊತ್ತದ ಗುತ್ತಿಗೆ ಒಳ್ಳೆಯದು, ಏಕೆಂದರೆ ಖರ್ಚು ಏರಿದರೆ ಆ ಅಪಾಯ ಗುತ್ತಿಗೆದಾರರ ಪಾಲಿಗೆ ಹೋಗುತ್ತದೆ. ಕೆಳಗಿನ ಹಳೆಯ ಭಾಗ ಹಾಗಲ್ಲ. ಗಾರೆ ಕಿತ್ತ ಮೇಲೆ ತುಕ್ಕು ಹಿಡಿದ ಕಂಬಿ, ಕೊಳೆತ ಪೈಪು, ಸವೆದ ವೈರು ಏನು ಹೊರಬೀಳುತ್ತದೋ ಯಾರೂ ಮೊದಲೇ ಹೇಳಲಾರರು. ಅದಕ್ಕೂ ಒಟ್ಟು ಮೊತ್ತ ಕೇಳಿದರೆ ಅವರು ಭಯಕ್ಕೆ ಹೆಚ್ಚು ಸೇರಿಸುತ್ತಾರೆ, ಇಲ್ಲವೇ ಆಮೇಲೆ ಕಂಡದ್ದನ್ನು ಮುಚ್ಚಿಹಾಕುತ್ತಾರೆ. ಈ ಭಾಗಕ್ಕೆ ಪ್ರತಿ ಬಾಬ್ತಿಗೂ ದರ ಗೊತ್ತುಮಾಡಿ, ಆದಷ್ಟು ಕೆಲಸವನ್ನು ಅಳೆದು ಹಣ ಕೊಡುವುದು ಇಬ್ಬರಿಗೂ ನ್ಯಾಯ. ಇದರ ಅಪಾಯವೆಂದರೆ ಅಂತಿಮ ಮೊತ್ತ ಮೊದಲೇ ತಿಳಿಯದಿರುವುದು. ಹಾಗಾಗಿ ಕೈಯಲ್ಲಿ ಒಂದಷ್ಟು ಹಣವನ್ನು ಬೇರೆಯಾಗಿ ಎತ್ತಿಡಬೇಕು. ಖರ್ಚಾದಷ್ಟು ಕೊಟ್ಟು ಅದರ ಮೇಲೆ ಶೇಕಡಾವಾರು ಲಾಭ ಕೊಡುವ ಮೂರನೆಯ ಪದ್ಧತಿಯನ್ನು ನಾನು ಸಾಮಾನ್ಯವಾಗಿ ಬೇಡವೆನ್ನುತ್ತೇನೆ. ಅದರಲ್ಲಿ ಖರ್ಚು ಹೆಚ್ಚಾದಷ್ಟೂ ಅವರ ಗಳಿಕೆ ಹೆಚ್ಚುತ್ತದೆ.

ಗುತ್ತಿಗೆದಾರರನ್ನು ಅಳೆಯಲು ಅವರು ಇತ್ತೀಚೆಗೆ ಮುಗಿಸಿದ ಮನೆಯನ್ನು ತೋರಿಸುತ್ತಾರೆ. ಹೊಸ ಬಣ್ಣದಡಿಯಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಮೂರು ನಾಲ್ಕು ವರ್ಷ ಹಿಂದೆ ಮುಗಿಸಿದ ಮನೆಯನ್ನು ಕೇಳಿ, ಸಾಧ್ಯವಾದರೆ ಮಳೆಗಾಲದಲ್ಲಿ ಹೋಗಿ. ಬಚ್ಚಲುಮನೆಯ ಕೆಳಗಿನ ಛಾವಣಿ, ಕಿಟಕಿಗಳ ಮೂಲೆ, ತಾರಸಿ ಮತ್ತು ಅದರ ಸುತ್ತಲಿನ ಗೋಡೆ ಸೇರುವ ಜಾಗ, ಇವಿಷ್ಟನ್ನು ನೋಡಿದರೆ ಸಾಕು. ಆ ಮನೆಯವರನ್ನು "ಹೇಗಿದ್ದಾರೆ ಅವರು?" ಎಂದು ಕೇಳಿದರೆ ದಾಕ್ಷಿಣ್ಯದ ಉತ್ತರವೇ ಸಿಗುತ್ತದೆ. ಬದಲಿಗೆ, ಮೊದಲು ಹೇಳಿದ ಮೊತ್ತಕ್ಕೂ ಕೊನೆಗೆ ಕೊಟ್ಟದ್ದಕ್ಕೂ ಎಷ್ಟು ವ್ಯತ್ಯಾಸವಾಯಿತು, ಮನೆ ಒಪ್ಪಿಸಿದ ಮೇಲೆ ಸೋರಿಕೆಗೆಂದು ಕರೆದಾಗ ಬಂದರೇ ಎಂದು ಕೇಳಿ. ಆಮೇಲೆ ಈಗ ಕೆಲಸ ನಡೆಯುತ್ತಿರುವ ಅವರ ಒಂದು ಸೈಟಿಗೆ ಹೇಳದೆ ಹೋಗಿ. ಸಿಮೆಂಟ್ ಚೀಲಗಳು ನೆಲಕ್ಕೆ ತಾಗದಂತೆ ಇವೆಯೇ, ಕೆಲಸಗಾರರ ತಲೆಯ ಮೇಲೆ ಹೆಲ್ಮೆಟ್ ಇದೆಯೇ, ಹೊಸ ಕಾಂಕ್ರೀಟು ಒದ್ದೆಯಾಗಿದೆಯೇ ಎಂದು ನೋಡಿ. ಕಾಂಕ್ರೀಟಿಗೆ ನೀರುಣಿಸುವುದು ಕನಿಷ್ಠ ಒಂದು ವಾರ, ಬೂದಿ ಬೆರೆತ ಸಿಮೆಂಟಾದರೆ ಇನ್ನೂ ಹೆಚ್ಚು ದಿನ ನಡೆಯಬೇಕು. ಯಾರೂ ನೋಡದಿರುವಾಗ ಅದನ್ನು ಮಾಡುವವರು ಉಳಿದದ್ದನ್ನೂ ಮಾಡುತ್ತಾರೆ ಎಂಬುದು ನನ್ನ ಅನುಭವ.

ಮಾತುಕತೆಯ ವೇಳೆ ಕೇಳಬಹುದಾದ ಒಂದೆರಡು ಪ್ರಶ್ನೆಗಳಿವೆ. "ಕಾಂಕ್ರೀಟ್ ಕಲಸುವಾಗ ನೀರನ್ನು ಹೇಗೆ ಅಳೆಯುತ್ತೀರಿ?" ಎಂದು ಕೇಳಿ. ನೀರು ಮತ್ತು ಸಿಮೆಂಟಿನ ಅನುಪಾತ 0.5 ಎಂದು ವಿನ್ಯಾಸದಲ್ಲಿದ್ದರೆ 50 ಕಿಲೋ ಸಿಮೆಂಟಿಗೆ 25 ಲೀಟರ್ ನೀರು, ಮರಳು ಒದ್ದೆಯಿದ್ದರೆ ಅದಕ್ಕೂ ಕಡಿಮೆ ಸೇರಿಸಬೇಕು. ಸುಲಭವಾಗಿ ಹರಡಲೆಂದು ಕೊಳವೆ ಬಿಟ್ಟು ಸುರಿದ ಹೆಚ್ಚುವರಿ ನೀರು ಆವಿಯಾಗಿ ಹೋದ ಮೇಲೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ಶಕ್ತಿ ಕುಗ್ಗುತ್ತದೆ, ಆ ರಂಧ್ರಗಳಿಂದಲೇ ತೇವ ಒಳಹೊಕ್ಕು ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಕಾಂಕ್ರೀಟು ಸಿಡಿಯುತ್ತದೆ. ಎರಡನೆಯ ಪ್ರಶ್ನೆ, "ವೈರಿನ ಪೈಪಿಗೆ ಗೋಡೆಯನ್ನು ಎಷ್ಟು ಆಳ ಕೊರೆಯುತ್ತೀರಿ?" ಭಾರ ಹೊರುವ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಕೊರೆದ ಗಾಡಿ (ಪೈಪು ಕೂರಿಸುವ ಕಾಲುವೆ) ಗೋಡೆಯ ದಪ್ಪದ ಮೂರನೇ ಒಂದು ಭಾಗವನ್ನೂ ಅಡ್ಡಲಾಗಿ ಕೊರೆದದ್ದು ಆರನೇ ಒಂದು ಭಾಗವನ್ನೂ ಮೀರಬಾರದೆಂಬುದು ಒಪ್ಪಿತ ಮಿತಿ. ಅಂಕಿ ಬಾಯಿಪಾಠ ಬರಬೇಕೆಂದೇನಿಲ್ಲ, ಅಡ್ಡ ಕೊರೆಯುವುದು ಹೆಚ್ಚು ಅಪಾಯವೆಂಬ ಅರಿವಾದರೂ ಉತ್ತರದಲ್ಲಿ ಕಾಣಬೇಕು.

ಮುಚ್ಚಿಹೋಗುವ ಕೆಲಸಗಳ ಬಗ್ಗೆ ಕರಾರಿನಲ್ಲಿ ಒಂದು ಷರತ್ತು ಇರಲೇಬೇಕು. ಕಂಬಿ ಕಟ್ಟಿದ ಮೇಲೆ ಇಂಜಿನಿಯರ್ ನೋಡಿ ಸಹಿ ಹಾಕದೆ ಕಾಂಕ್ರೀಟ್ ಸುರಿಯುವಂತಿಲ್ಲ. ನೀರಿನ ಪೈಪುಗಳನ್ನು ಒತ್ತಡ ಕೊಟ್ಟು ಪರೀಕ್ಷಿಸದೆ ಗೋಡೆ ಮುಚ್ಚುವಂತಿಲ್ಲ. ಬಚ್ಚಲುಮನೆಯ ನೆಲದಲ್ಲಿ 24ರಿಂದ 48 ಗಂಟೆ ನೀರು ನಿಲ್ಲಿಸಿ ಕೆಳಗಿನಿಂದ ನೋಡದೆ ಟೈಲ್ಸ್ ಹಾಕುವಂತಿಲ್ಲ. ಛಾವಣಿಯ ಕಾಂಕ್ರೀಟಿನಿಂದ ಪ್ರತಿ ಬದಿ 150 ಮಿಲಿಮೀಟರ್ ಇರುವ ಘನಾಕಾರದ ಮಾದರಿ ತುಂಡುಗಳನ್ನು ಅಚ್ಚು ಹಾಕಿ ತೆಗೆದಿಟ್ಟು 7 ಮತ್ತು 28 ದಿನಗಳಲ್ಲಿ ಪರೀಕ್ಷಿಸಬೇಕು. ಸಾಮಾನ್ಯ ಸಿಮೆಂಟಿನಲ್ಲಿ ಏಳನೆಯ ದಿನಕ್ಕೆ, 28 ದಿನಕ್ಕೆ ಬರಬೇಕಾದ ಶಕ್ತಿಯ ಸುಮಾರು ಮೂರನೇ ಎರಡರಷ್ಟು ಬಂದಿರುತ್ತದೆ, ಆದ್ದರಿಂದ ಎಡವಟ್ಟು ಆಗಿದ್ದರೆ ಸುಳಿವು ಬೇಗನೆ ಸಿಗುತ್ತದೆ. ಇವುಗಳ ಜೊತೆಗೆ ಬದಲಾವಣೆಯ ನಿಯಮವೊಂದಿರಲಿ: ನೀವು ಹೇಳಿದ ಬದಲಾವಣೆಯೇ ಆಗಲಿ ಅವರು ಸೂಚಿಸಿದ್ದೇ ಆಗಲಿ, ಅದರ ದರ ಮತ್ತು ಹೆಚ್ಚುವರಿ ದಿನಗಳನ್ನು ಬರಹದಲ್ಲಿ ಒಪ್ಪಿದ ಮೇಲಷ್ಟೇ ಕೆಲಸ. ಕೆಲಸಗಾರರಿಗೆ ಅಪಘಾತವಾದರೆ ವಿಮೆ ಯಾರದು, ನಡುವೆ ಗುತ್ತಿಗೆ ಮುರಿದರೆ ಆಗಿರುವ ಕೆಲಸವನ್ನು ಅಳೆಯುವವರು ಯಾರು ಎಂಬುದನ್ನೂ ಬರೆಯಿರಿ. ಕೊನೆಯದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆಯಬೇಕು, ಕೆಟ್ಟ ಮೇಲೆ ಯಾರೂ ಒಪ್ಪುವುದಿಲ್ಲ.

ಈಗ ನಿಮ್ಮ ಮೂವರ ವಿಷಯಕ್ಕೆ ಬಂದರೆ, ಯಾರನ್ನೂ ಇನ್ನೂ ಕೈಬಿಡಬೇಡಿ, ಯಾರಿಗೂ ಮಾತು ಕೊಡಬೇಡಿ. ಇಂಜಿನಿಯರಿಂದ ಪರಿಶೀಲನೆ ಮಾಡಿಸಿ, ನಕ್ಷೆ ಮತ್ತು ಪ್ರಮಾಣಪಟ್ಟಿ ಸಿದ್ಧಪಡಿಸಿ, ಅದೇ ಕಾಗದವನ್ನು ಮೂವರಿಗೂ ಕೊಟ್ಟು ಮತ್ತೆ ದರ ಕೇಳಿ. ಅಂತರ ಕುಗ್ಗಬಹುದು. ಕುಗ್ಗದಿದ್ದರೂ ಯಾವ ಬಾಬ್ತಿನಲ್ಲಿ ವ್ಯತ್ಯಾಸವಿದೆಯೆಂದು ಬೆರಳಿಟ್ಟು ತೋರಿಸಿ ವಿವರಣೆ ಕೇಳಬಹುದು. ಉಳಿದಿಬ್ಬರಿಗಿಂತ ಕಂಬಿಯ ತೂಕವನ್ನೇ ಕಡಿಮೆ ಬರೆದವರಿಗೂ ಸ್ವಂತ ಸೆಂಟ್ರಿಂಗ್ ಇರುವುದರಿಂದ ಕಡಿಮೆ ಬರೆದವರಿಗೂ ಇರುವ ವ್ಯತ್ಯಾಸ ಆಗ ಬಯಲಾಗುತ್ತದೆ. ಪರಿಶೀಲನೆಯಲ್ಲಿ ಪಾಯ ದುರ್ಬಲವೆಂದು ಬಂದರೆ ಬಲಪಡಿಸುವುದು, ಮೇಲೆ ಹಗುರ ಸಾಮಗ್ರಿಯಲ್ಲಿ ಕಟ್ಟುವುದು, ಯೋಜನೆಯನ್ನೇ ಕೈಬಿಡುವುದು ಈ ಮೂರೂ ದಾರಿಗಳು ತೆರೆದಿರುತ್ತವೆ. ಮುಂಗಡ ಕೊಟ್ಟಿರದಿದ್ದರೆ ಮಾತ್ರ.

ಭಾವನವರ ಪರಿಚಯದವರನ್ನು ಕರಾರಿಗೆ ಒಪ್ಪಿಸುವುದು ಮುಜುಗರವೆನಿಸಿದರೆ ಆ ಹೊಣೆಯನ್ನು ಇಂಜಿನಿಯರಿಗೆ ಬಿಡಿ. "ನಮ್ಮ ಇಂಜಿನಿಯರ್ ಕಾಗದವಿಲ್ಲದೆ ಕೆಲಸ ನೋಡಿಕೊಳ್ಳುವುದಿಲ್ಲವಂತೆ" ಎಂಬ ಮಾತಿನಲ್ಲಿ ಯಾರ ಮೇಲಿನ ಅಪನಂಬಿಕೆಯೂ ಇಲ್ಲ, ಸುಳ್ಳೂ ಇಲ್ಲ. ಹಂತಹಂತದ ಪಾವತಿ, ತಡವಾಗದ ಹಣ, ಬದಲಾವಣೆಗೆ ಪ್ರತ್ಯೇಕ ದರ ಇವು ಅವರನ್ನೂ ಕಾಯುವ ಷರತ್ತುಗಳೆಂದು ವಿವರಿಸಿ. ಒಪ್ಪಿದರೆ, ಕಡಿಮೆ ದರಕ್ಕೆ ಸರಿಯಾದ ವಿವರಣೆಯೂ ಇದ್ದರೆ, ಅವರಿಗೇ ಕೆಲಸ ಕೊಡಲು ನನ್ನ ಅಡ್ಡಿಯಿಲ್ಲ. ಅಷ್ಟಾದರೂ ಶೇ 30ರ ಮುಂಗಡಕ್ಕೇ ಪಟ್ಟು ಹಿಡಿದರೆ ಮೂರನೆಯವರೊಂದಿಗೆ ಮಾತು ಮುಂದುವರಿಸಿ.